ತುಳಸಿ, ವಿಹಾರ್ ಮತ್ತು ನಮ್ಮ ಬೋರಿವಲಿ ಕಾಡು

ನಮಸ್ಕಾರ. ಇದು ಮುಂಬೈಯ ಬೋರಿವಲಿ ಕಾಡಿನೊಳಗಿನ ಕಾನ್ಹೇರಿ ಗುಹೆಗಳ ಮೇಲಿನ ಬಂಡೆ. ದೂರದಲ್ಲಿ ಹಸಿರಿನ ನಡುವೆ ಹೊಳೆಯುತ್ತಿದೆಯಲ್ಲ, ಅದು ತುಳಸಿ ಕೆರೆ. ಬೋರಿವಲಿ, ಕಾಂದಿವಲಿ, ಮುಲುಂಡ್ ಕಡೆಯ ನಮ್ಮ ಕನ್ನಡದವರಿಗೆ ಈ ಕಾಡು, ಅಂದರೆ ಸಂಜಯ್ ಗಾಂಧಿ ನ್ಯಾಷನಲ್ ಪಾರ್ಕ್, ಅಂದರೆ ಬೆಳಗಿನ ವಾಕಿಂಗ್, ಭಾನುವಾರ ಮಕ್ಕಳ ಜೊತೆ ಸುತ್ತಾಟ, ಅಷ್ಟೇ ಅಲ್ವಾ? ಇವತ್ತು ನೀರಿನ ಕಡೆಯಿಂದ ಈ ಕಾಡನ್ನು ನೋಡೋಣ.

ತುಳಸಿ ತಾನಾಗಿ ಆದ ಕೆರೆಯಲ್ಲ. ಪಕ್ಕದ ವಿಹಾರ್ ಕೂಡ ಅಷ್ಟೇ. ಬಾವಿ, ಕೊಳಗಳ ನೀರು ಸಾಲದೆ ಊರು ಒದ್ದಾಡುತ್ತಿದ್ದ ಕಾಲದಲ್ಲಿ ಈ ಗುಡ್ಡಗಳ ಮಧ್ಯೆ ಅಣೆಕಟ್ಟು ಕಟ್ಟಿ ವಿಹಾರ್ ಮಾಡಿದರು, 1860ರಲ್ಲಿ ಮುಂಬೈಗೆ ಮೊದಲ ಪೈಪಿನ ನೀರು ಅಲ್ಲಿಂದಲೇ ಬಂತು. ಅದೂ ಸಾಲಲಿಲ್ಲ. 1879ಕ್ಕೆ ತುಳಸಿ ಆಯಿತು. ಕೆರೆ ಬೇಕು ಅಂದಮೇಲೆ ಅದಕ್ಕೆ ನೀರು ಹರಿಸುವ ಗುಡ್ಡವೂ ಬೇಕು, ಗುಡ್ಡದ ಮಣ್ಣು ಜರಿದು ಕೆರೆ ಹೂಳು ತುಂಬದಂತೆ ಹಿಡಿದಿಡಲು ಮರಗಳು ಬೇಕು. ಸುತ್ತಲೂ ಇಷ್ಟೊಂದು ಕಟ್ಟಡ ಎದ್ದರೂ ನೂರು ಚದರ ಕಿಲೋಮೀಟರಿಗಿಂತ ಜಾಸ್ತಿ ಕಾಡು, ಅದರಲ್ಲಿ ಚಿರತೆಗಳು ಉಳಿದದ್ದಕ್ಕೆ ಈ ಕುಡಿಯುವ ನೀರೂ ಒಂದು ದೊಡ್ಡ ಕಾರಣ ಎಂದು ನಾನು ನಂಬುತ್ತೇನೆ.

ಮುಂಬೈಗೆ ನೀರು ಕೊಡುವ ಏಳು ಕೆರೆಗಳಲ್ಲಿ ಇವೆರಡೇ ಊರೊಳಗಿನವು. ತುಳಸಿ ಎಲ್ಲಕ್ಕಿಂತ ಚಿಕ್ಕದು, ತುಂಬಿದರೆ ಸುಮಾರು 804 ಕೋಟಿ ಲೀಟರ್. ಊರಿಗೆಲ್ಲ ಹಂಚಿದರೆ ಎರಡು ದಿನಕ್ಕೆ ಖಾಲಿ! ಆದರೂ ಮಳೆಗಾಲದಲ್ಲಿ ತುಳಸಿ ತುಂಬಿತು ಅಂತ ಸುದ್ದಿ ಬಂದರೆ ನಮಗೆಲ್ಲ ಏನೋ ಸಮಾಧಾನ.

ಈ ಬಂಡೆಯಲ್ಲಿ ಕೊರೆದ ತೊಟ್ಟಿಗಳನ್ನು ನೋಡಿ. ನೂರಕ್ಕೂ ಜಾಸ್ತಿ ಗುಹೆಗಳಿವೆ ಇಲ್ಲಿ, ಸುಮಾರು ಎರಡು ಸಾವಿರ ವರ್ಷದ ಹಿಂದೆ ಶುರುವಾದ ಕೆಲಸ. ಇಲ್ಲಿದ್ದ ಬೌದ್ಧ ಭಿಕ್ಷುಗಳು ಕಲ್ಲಿನ ಮೇಲೆ ಹರಿಯುವ ಮಳೆನೀರನ್ನು ಕಾಲುವೆ ಕೊರೆದು ತೊಟ್ಟಿಗೆ ಇಳಿಸಿದ್ದರು. ನನಗೆ ಇಡೀ ಕಾನ್ಹೇರಿಯಲ್ಲಿ ತುಂಬಾ ಇಷ್ಟ ಇದೇ, ಮೂರ್ತಿಗಳಿಗಿಂತಲೂ.

ಕೆರೆಯ ದಡಕ್ಕೆ ಅನುಮತಿ ಇಲ್ಲದೆ ಹೋಗುವಂತಿಲ್ಲ, ಅದಕ್ಕೇ ಎಲ್ಲ ದೂರದ ಶಾಟ್. ಹಾಗಿರುವುದೇ ಒಳ್ಳೆಯದು. ನೀವು ಬರುವುದಾದರೆ ಸೋಮವಾರ ಬಿಟ್ಟು ಬನ್ನಿ, ಅವತ್ತು ಪಾರ್ಕ್ ರಜಾ. ದಯವಿಟ್ಟು ಕೋತಿಗಳಿಗೆ ತಿಂಡಿ ಹಾಕಬೇಡಿ.

ತುಳಸಿ ತುಂಬಿ ಚೆಲ್ಲಿದ ನೀರು ವಿಹಾರ್‌ಗೆ ಹೋಗುತ್ತದೆ, ವಿಹಾರ್‌ನಿಂದ ಚೆಲ್ಲಿದ್ದು ಮಿಠಿ ನದಿಯಾಗಿ ಕುರ್ಲಾ ದಾಟಿ ಮಾಹಿಮ್‌ನಲ್ಲಿ ಸಮುದ್ರ ಸೇರುತ್ತದೆ. ಇಲ್ಲಿ ಇಷ್ಟು ತಿಳಿಯಾಗಿರುವ ನೀರು ಅಲ್ಲಿಗೆ ಹೋಗುವಷ್ಟರಲ್ಲಿ ಏನಾಗಿರುತ್ತದೆ ಅಂತ ನೆನೆದರೆ ಹೊಟ್ಟೆ ಉರಿಯುತ್ತದೆ. ಮುಂದಿನ ವಿಡಿಯೋದಲ್ಲಿ ಆ ದಾರಿಗುಂಟ ನಡೆಯೋಣ.