ಬೀದಿ, ರಸ್ತೆ, ದಾರಿ: ಮೇಜರ್ ಸ್ಟ್ರೀಟ್ ಅವರ ಪತ್ತೇದಾರಿ ಲೋಕ

ಎಲ್ಲರಿಗೂ ನಮಸ್ಕಾರ. ಮೊದಲು ಮೂರು ಹೆಸರು ಕೇಳಿಸಿಕೊಳ್ಳಿ. ಜಾನ್ ರೋಡ್. ಮೈಲ್ಸ್ ಬರ್ಟನ್. ಸೆಸಿಲ್ ವೇ. 1930ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಓದುಗರಿಗೆ ಇವರು ಮೂವರು ಬೇರೆ ಬೇರೆ ಪತ್ತೇದಾರಿ ಕಾದಂಬರಿಕಾರರು. ಆದರೆ ಮೂವರೂ ಒಬ್ಬರೇ. ಅವರ ನಿಜವಾದ ಹೆಸರು ಸೆಸಿಲ್ ಜಾನ್ ಚಾರ್ಲ್ಸ್ ಸ್ಟ್ರೀಟ್. ಸ್ಟ್ರೀಟ್ ಅಂದರೆ ಬೀದಿ, ರೋಡ್ ಅಂದರೆ ರಸ್ತೆ, ವೇ ಅಂದರೆ ದಾರಿ. ಇಂಗ್ಲಿಷಿನಲ್ಲಿ ಬರೆಯುವಾಗ ಒಂದೆರಡು ಅಕ್ಷರ ಬದಲಿಸಿಕೊಂಡಿದ್ದರು, ಅಷ್ಟೇ. ಗುರುತು ಮುಚ್ಚಿಟ್ಟರೂ ಸುಳಿವು ಮಾತ್ರ ಮುಖಪುಟದ ಮೇಲೇ ಇತ್ತು. ಆದರೂ ಸೆಸಿಲ್ ವೇ ಹೆಸರಿನ ನಾಲ್ಕು ಕಾದಂಬರಿಗಳು ಇವರದೇ ಎಂದು ತಿಳಿಯಲು ದಶಕಗಳೇ ಬೇಕಾದವು.

ಸ್ಟ್ರೀಟ್ 1884ರಲ್ಲಿ ಜಿಬ್ರಾಲ್ಟರ್‌ನಲ್ಲಿ ಹುಟ್ಟಿದರು. ಫಿರಂಗಿ ದಳದಲ್ಲಿ ಅಧಿಕಾರಿ, ಕೊನೆಗೆ ಮೇಜರ್. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಫಿರಂಗಿಗಳ ಬಗ್ಗೆ ಪುಸ್ತಕ ಬರೆದರು. ಅದಕ್ಕೂ ಒಂದು ಗುಪ್ತನಾಮ, ‘ಎಫ್.ಓ.ಓ.’ ಎಂದು. ಮುಂಚೂಣಿಯಲ್ಲಿ ನಿಂತು, ನಮ್ಮ ಗುಂಡು ಎಲ್ಲಿ ಬಿತ್ತು, ಎಷ್ಟು ಗಜ ತಪ್ಪಿತು ಎಂದು ನೋಡಿ ಹಿಂದಿನವರಿಗೆ ತಿಳಿಸುವ ಅಧಿಕಾರಿಗೆ ಇಂಗ್ಲಿಷಿನಲ್ಲಿ ಇರುವ ಹೆಸರಿನ ಮೊದಲಕ್ಷರಗಳು ಅವು. ನನಗೆ ಅವರ ಎಲ್ಲ ಹೆಸರುಗಳಿಗಿಂತ ಇದೇ ಜಾಸ್ತಿ ಇಷ್ಟ. ಯಾಕೆಂದರೆ ಅವರ ಕಾದಂಬರಿಗಳಲ್ಲೂ ಅದೇ ಕಣ್ಣು ಕೆಲಸ ಮಾಡುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಮೈಲ್ಸ್ ಬರ್ಟನ್ ಹೆಸರಿನಲ್ಲಿ 1936ರಲ್ಲಿ ಬಂದ ಕಾದಂಬರಿ, ‘ಡೆತ್ ಇನ್ ದ ಟನಲ್’. ಲಂಡನ್ನಿನ ಕ್ಯಾನನ್ ಸ್ಟ್ರೀಟ್ ನಿಲ್ದಾಣದಿಂದ ಸಂಜೆ 5 ಗಂಟೆಗೆ ಹೊರಟ ರೈಲು. ಒಬ್ಬ ಶ್ರೀಮಂತ ಒಂಟಿಯಾಗಿ ಕೂತಿದ್ದಾನೆ, ಬಾಗಿಲಿಗೆ ಬೀಗ. ರೈಲು ಸುರಂಗದೊಳಗೆ ಹೋಗುತ್ತದೆ. ಕತ್ತಲಲ್ಲಿ ಡ್ರೈವರ್‌ಗೆ ಒಂದು ಕೆಂಪು ದೀಪ ಕಾಣುತ್ತದೆ, ಬ್ರೇಕ್ ಹಾಕುತ್ತಾನೆ. ಸುರಂಗದಿಂದ ಆಚೆ ಬರುವಷ್ಟರಲ್ಲಿ ಆ ಮನುಷ್ಯ ಎದೆಗೆ ಗುಂಡು ತಗುಲಿ ಸತ್ತಿದ್ದಾನೆ. ಆತ್ಮಹತ್ಯೆ ಎಂದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಆ ದೀಪ ಯಾರದು? ಸುರಂಗದೊಳಗೆ ಹೇಗೆ ಬಂತು? ಕಥೆ ಹೆದರಿಸುವುದಕ್ಕೆ ನಿಲ್ಲುವುದಿಲ್ಲ, ನೇರ ಆ ದೀಪದ ಹಿಂದೆ ಬೀಳುತ್ತದೆ. ನಮ್ಮನ್ನೂ ಹಳಿಗಳ ಮೇಲೆ ನಡೆಸಿಕೊಂಡು ಹೋಗುತ್ತದೆ.

1924ರಿಂದ 1961ರವರೆಗೆ ಇಂಥ 140ಕ್ಕೂ ಹೆಚ್ಚು ಕಾದಂಬರಿ ಬರೆದರು. ಎಷ್ಟೋ ವರ್ಷ ಮೂರು, ನಾಲ್ಕು. ಡಾಕ್ಟರ್ ಪ್ರೀಸ್ಟ್‌ಲಿ ಎಂಬ ಗಣಿತದ ಪ್ರೊಫೆಸರ್ ಪತ್ತೇದಾರನಾಗಿರುವುದು ಜಾನ್ ರೋಡ್ ಹೆಸರಿನವು. ಆತನಿಗೆ ಲೆಕ್ಕ ಬಿಡಿಸುವುದೇ ಮುಖ್ಯ, ಕೊಲೆಗಾರನಿಗೆ ಶಿಕ್ಷೆಯಾಯಿತಾ ಇಲ್ಲವಾ ಎಂಬುದು ಆಮೇಲಿನ ಮಾತು. ಹಳ್ಳಿಗಾಡಿನಲ್ಲಿ ಓಡಾಡುವ ಮೆರಿಯನ್ ಮತ್ತು ಇನ್‌ಸ್ಪೆಕ್ಟರ್ ಆರ್ನಾಲ್ಡ್ ಎಂಬ ಪತ್ತೇದಾರ ಜೋಡಿ ಬರ್ಟನ್ ಕಡೆಯವರು. ಇಷ್ಟೊಂದು ಬರೆದಾಗ ಕೆಲವು ಸೊರಗುತ್ತವೆ, ಪಾತ್ರಗಳು ಬರೀ ಹೆಸರಾಗಿ ಉಳಿಯುತ್ತವೆ, ಅದನ್ನು ಒಪ್ಪಿಕೊಳ್ಳಬೇಕು. 1972ರಲ್ಲಿ ವಿಮರ್ಶಕ ಜೂಲಿಯನ್ ಸೈಮನ್ಸ್ ಇಂಥ ಲೇಖಕರ ಗುಂಪಿಗೆ ‘ಹಮ್‌ಡ್ರಮ್’, ಅಂದರೆ ಸಪ್ಪೆ ಎಂದು ಹೆಸರಿಟ್ಟರು. ಆ ಹೆಸರು ಅಂಟಿಕೊಂಡೇ ಬಿಟ್ಟಿತು. ಇದು ಅನ್ಯಾಯ ಎನ್ನುತ್ತೇನೆ ನಾನು. ಒಂದು ಯಂತ್ರವನ್ನು ಬಿಚ್ಚಿ, ಒಂದೊಂದೇ ಭಾಗ ಒರೆಸಿ, ಮತ್ತೆ ಜೋಡಿಸುವುದನ್ನು ಪಕ್ಕದಲ್ಲಿ ಕೂತು ನೋಡಿದ್ದೀರಾ? ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ಆ ಸುಖ ಇಲ್ಲಿದೆ.

ಆ ಕೈಚಳಕ ಬರೀ ಕಾಗದದ ಮೇಲಿನದ್ದೂ ಅಲ್ಲ. 1930ರಲ್ಲಿ ಲಂಡನ್ನಿನಲ್ಲಿ ಪತ್ತೇದಾರಿ ಲೇಖಕರೆಲ್ಲ ಸೇರಿ ಡಿಟೆಕ್ಷನ್ ಕ್ಲಬ್ ಕಟ್ಟಿದರು. ಅಗಾಥಾ ಕ್ರಿಸ್ಟಿ, ಡೊರೊಥಿ ಸೇಯರ್ಸ್ ಅದರಲ್ಲಿದ್ದರು, ಸ್ಟ್ರೀಟ್ ಕೂಡ ಇದ್ದರು. ಹೊಸ ಸದಸ್ಯರು ಎರಿಕ್ ಎಂಬ ತಲೆಬುರುಡೆಯ ಮೇಲೆ ಕೈಯಿಟ್ಟು ಪ್ರಮಾಣ ಮಾಡಬೇಕಿತ್ತು. ನಿಜವಾದ ಮನುಷ್ಯನ ಬುರುಡೆ. ನಮ್ಮ ಮೇಜರ್ ಸಾಹೇಬರು ಅದರೊಳಗೆ ವೈರ್ ಎಳೆದು ಬಲ್ಬ್ ಕೂರಿಸಿದರು. ಕೋಣೆ ಕತ್ತಲು ಮಾಡಿ ಸ್ವಿಚ್ ಒತ್ತಿದರೆ ಎರಿಕ್‌ನ ಎರಡೂ ಕಣ್ಣು ಕೆಂಪಗೆ ಹೊತ್ತಿಕೊಳ್ಳುತ್ತಿದ್ದವು.