ಪಟ್ಟಿಯಲ್ಲಿ ಹೆಸರಿದೆ, ಮನೆ ಏಕೆ ಬಂದಿಲ್ಲ? ಮಲೆನಾಡಿನವರಿಗಾಗಿ ವಸತಿ ಯೋಜನೆಗಳ ವಿವರಣೆ

[ತೆರೆಯ ಮೇಲೆ: ಗ್ರಾಮ ಪಂಚಾಯಿತಿ ಕಚೇರಿಯ ಸೂಚನಾ ಫಲಕ, ಅದಕ್ಕೆ ಅಂಟಿಸಿದ ಫಲಾನುಭವಿಗಳ ಪಟ್ಟಿ]

ನಮಸ್ಕಾರ. ಸರ್ಕಾರದ ಮನೆಗೆ ಅರ್ಜಿ ಹಾಕಿ ಕಾಯುತ್ತಿರುವವರಲ್ಲಿ ಹೆಚ್ಚಿನವರ ಪ್ರಶ್ನೆ ಒಂದೇ: ‘ನಮ್ಮ ಹೆಸರು ಪಟ್ಟಿಯಲ್ಲಿದೆ ಎನ್ನುತ್ತಾರೆ, ಆದರೆ ಮನೆ ಬಂದಿಲ್ಲ, ಏಕೆ?’ ಇದಕ್ಕೆ ಉತ್ತರ ಸಿಗಬೇಕಾದರೆ ಮೊದಲು ಹೆಸರಿರುವುದು ಯಾವ ಪಟ್ಟಿಯಲ್ಲಿ ಎಂಬುದು ತಿಳಿಯಬೇಕು. ಎರಡನೆಯದಾಗಿ, ಮನೆ ಕಟ್ಟಲು ತೋರಿಸುತ್ತಿರುವ ಜಾಗಕ್ಕೆ ಯಾವ ಕಾಗದವಿದೆ ಎಂಬುದನ್ನು ನೋಡಬೇಕು. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆ ಅರ್ಜಿಗಳು ನಿಂತುಹೋಗುವುದು ಬಡತನ ಸಾಬೀತಾಗದೆ ಅಲ್ಲ, ಬಹುಪಾಲು ಜಾಗದ ಕಾಗದವಿಲ್ಲದೆ. ಆದ್ದರಿಂದ ಈ ವಿಡಿಯೋದಲ್ಲಿ ಅರ್ಜಿ ನಮೂನೆಗಿಂತ ಹೆಚ್ಚು ಹೊತ್ತನ್ನು ಜಾಗದ ವಿಚಾರಕ್ಕೇ ಕೊಡುತ್ತೇವೆ.

ಮೊದಲು ಪಟ್ಟಿಗಳನ್ನು ನೋಡೋಣ. ಹಳ್ಳಿಯಲ್ಲಿರುವವರಿಗೆ ಎರಡು ಬೇರೆ ಬೇರೆ ದಾರಿಗಳಿವೆ. ಒಂದು ರಾಜ್ಯ ಸರ್ಕಾರದ್ದು: ಬಸವ ವಸತಿ ಯೋಜನೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಡಾ. ಬಿ.ಆರ್. ಅಂಬೇಡ್ಕರ್ ನಿವಾಸ ಯೋಜನೆ, ಅಂಗವಿಕಲರು, ಅಲೆಮಾರಿಗಳು ಮೊದಲಾದ ವಿಶೇಷ ವರ್ಗದವರಿಗೆ ದೇವರಾಜ ಅರಸು ವಸತಿ ಯೋಜನೆ. ಇನ್ನೊಂದು ಕೇಂದ್ರದ್ದು: 2016ರಲ್ಲಿ ಇಂದಿರಾ ಆವಾಸ್ ಯೋಜನೆಯ ಜಾಗಕ್ಕೆ ಬಂದ ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗ. ಎರಡನ್ನೂ ನಮ್ಮ ರಾಜ್ಯದಲ್ಲಿ ನಡೆಸುವುದು 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವೇ ಆಗಿರುವುದರಿಂದ ಜನರಿಗೆ ಎಲ್ಲವೂ ಒಂದೇ ಯೋಜನೆಯಂತೆ ಕಾಣುತ್ತದೆ. ಊರಿನವರ ಬಾಯಲ್ಲಂತೂ ಎಲ್ಲವೂ ಇಂದಿಗೂ ‘ಆಶ್ರಯ ಮನೆ’.

ಆದರೆ ಇವೆರಡರ ನಡೆ ಬೇರೆ. ರಾಜ್ಯದ ಯೋಜನೆಯಲ್ಲಿ ನಿಗಮವು ಪಂಚಾಯಿತಿಗೆ ಇಷ್ಟು ಮನೆಗಳೆಂದು ಗುರಿ ಕೊಡುತ್ತದೆ. ಗುರಿ ಬಂದ ಮೇಲೆ ಗ್ರಾಮಸಭೆಯಲ್ಲಿ ಫಲಾನುಭವಿಗಳ ಆಯ್ಕೆ ನಡೆಯುತ್ತದೆ. ಗುರಿಯೇ ಬಾರದ ವರ್ಷದಲ್ಲಿ ನೀವು ಎಷ್ಟು ಅರ್ಜಿ ಕೊಟ್ಟರೂ ಅದು ಪಂಚಾಯಿತಿಯ ಕಡತದಲ್ಲಿ ಉಳಿಯುವುದೇ ಹೊರತು ಮುಂದೆ ಹೋಗುವುದಿಲ್ಲ, ಇದಕ್ಕೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಅವರನ್ನು ದೂರಿ ಫಲವಿಲ್ಲ. ಕೇಂದ್ರದ ಯೋಜನೆಯಲ್ಲಿ ಹಾಗಲ್ಲ. ಅಲ್ಲಿ ಸಮೀಕ್ಷೆಯಿಂದ ಸಿದ್ಧವಾದ, ಗ್ರಾಮಸಭೆ ಒಪ್ಪಿದ ಕಾಯುವ ಪಟ್ಟಿಯೊಂದಿದೆ. ಮೊದಲು 2011ರ ಸಾಮಾಜಿಕ ಆರ್ಥಿಕ ಮತ್ತು ಜಾತಿ ಗಣತಿಯ ಆಧಾರದಲ್ಲಿ, ನಂತರ ಅದರಲ್ಲಿ ಬಿಟ್ಟುಹೋದವರಿಗಾಗಿ 2018ರಲ್ಲಿ ಆರಂಭವಾದ ಆವಾಸ್ ಪ್ಲಸ್ ಸಮೀಕ್ಷೆಯ ಆಧಾರದಲ್ಲಿ, ಈಗ ಆವಾಸ್ ಪ್ಲಸ್ 2024ರ ಆಧಾರದಲ್ಲಿ ಹೆಸರುಗಳು ಸೇರಿವೆ. ಸಮೀಕ್ಷೆಯಲ್ಲಿ ಇಲ್ಲದವರ ಹೆಸರು ಈ ಪಟ್ಟಿಗೆ ಅರ್ಜಿಯಿಂದ ಮಾತ್ರ ಬರುವುದಿಲ್ಲ. ಹೀಗಾಗಿ ಪಂಚಾಯಿತಿಯಲ್ಲಿ ಕೇಳಬೇಕಾದ ಸರಿಯಾದ ಪ್ರಶ್ನೆ ‘ನನ್ನ ಅರ್ಜಿ ಏನಾಯಿತು’ ಎಂಬುದಲ್ಲ. ‘ಕೇಂದ್ರದ ಕಾಯುವ ಪಟ್ಟಿಯಲ್ಲಿ ನಮ್ಮ ವರ್ಗದಲ್ಲಿ ನನ್ನ ಕ್ರಮಸಂಖ್ಯೆ ಎಷ್ಟು, ಇಲ್ಲದಿದ್ದರೆ ರಾಜ್ಯದ ಯಾವ ಯೋಜನೆಯ ಗುರಿಗೆ ನನ್ನ ಹೆಸರು ಕಳುಹಿಸಿದ್ದೀರಿ’ ಎಂಬುದು.

ಕೇಂದ್ರದ ಪಟ್ಟಿಯಲ್ಲಿ ಕ್ರಮಸಂಖ್ಯೆ ಬರುವುದು ಅರ್ಜಿ ಕೊಟ್ಟ ದಿನಾಂಕದಿಂದಲ್ಲ. ಮೊದಲು ಮನೆಯೇ ಇಲ್ಲದವರು, ಆಮೇಲೆ ಕಚ್ಚಾ ಗೋಡೆ, ಕಚ್ಚಾ ಛಾವಣಿಯ ಒಂದು ಕೋಣೆಯವರು, ಅವರ ನಂತರ ಎರಡು ಕೋಣೆಯವರು. ಒಂದೇ ಗುಂಪಿನೊಳಗೆ ದುಡಿಯುವ ವಯಸ್ಸಿನ ಗಂಡಸರಿಲ್ಲದ ಹೆಣ್ಣುಮಕ್ಕಳ ಕುಟುಂಬ, ಅಂಗವಿಕಲರಿರುವ ಕುಟುಂಬ, ಕೂಲಿಯನ್ನೇ ನಂಬಿದ ಭೂರಹಿತ ಕುಟುಂಬ ಮುಂದೆ ಬರುತ್ತವೆ.

[ತೆರೆಯ ಮೇಲೆ: ಮಣ್ಣಿನ ಗೋಡೆ, ಮಂಗಳೂರು ಹೆಂಚಿನ ಮಾಡು]

ಇಲ್ಲಿ ಮಲೆನಾಡಿಗೇ ವಿಶಿಷ್ಟವಾದ ಒಂದು ತೊಡಕಿದೆ. ನಮ್ಮಲ್ಲಿ ಎಷ್ಟೋ ಮನೆಗಳ ಗೋಡೆ ಮಣ್ಣಿನದು, ಮಾಡು ಮಂಗಳೂರು ಹೆಂಚಿನದು. ಕಾರ್ಖಾನೆಯಲ್ಲಿ ತಯಾರಾದ ಹೆಂಚನ್ನು 2011ರ ಗಣತಿಯ ವರ್ಗೀಕರಣ ಪಕ್ಕಾ ಸಾಮಗ್ರಿ ಎಂದೇ ಎಣಿಸಿತು. ಗೋಡೆ ಆಷಾಢದ ಮಳೆಗೆ ನೆನೆದು ಬಾತು ನಿಂತಿದ್ದರೂ, ರೀಪು ಪಕಾಸಿಗಳಿಗೆ ಗೆದ್ದಲು ಹಿಡಿದಿದ್ದರೂ, ಮೇಲಿರುವ ಹೆಂಚು ಆ ಕುಟುಂಬವನ್ನು ಪಟ್ಟಿಯಲ್ಲಿ ಕೆಳಗೆ ತಳ್ಳಬಲ್ಲದು. ಬಯಲುಸೀಮೆಯ ಲೆಕ್ಕವನ್ನು ಆಗುಂಬೆಯ ಮಳೆಗೆ ಅನ್ವಯಿಸುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ, ಆದರೆ ಅಭಿಪ್ರಾಯದಿಂದ ಪಟ್ಟಿ ಬದಲಾಗುವುದಿಲ್ಲ. ಸಮೀಕ್ಷೆಗೆ ಬಂದವರಿಗೆ ಗೋಡೆ, ಮಾಡು ಎರಡನ್ನೂ ಬೇರೆ ಬೇರೆಯಾಗಿ ತೋರಿಸಿ, ಒಳಗಿನ ಗೋಡೆಯ ಫೋಟೋವನ್ನೂ ತೆಗೆಯಲು ಹೇಳಿ, ಗ್ರಾಮಸಭೆಯಲ್ಲಿ ಅದನ್ನು ನಡಾವಳಿಗೆ ಬರೆಸಿ. ಮಾಡಬಹುದಾದದ್ದು ಇಷ್ಟು.

ಯಾರು ಅನರ್ಹರು ಎಂಬ ನಿಯಮವೂ ಇತ್ತೀಚೆಗೆ ಸಡಿಲವಾಗಿದೆ. ಮೊದಲು ಬೈಕು, ಫ್ರಿಜ್, ಸ್ಥಿರ ದೂರವಾಣಿ ಇದ್ದವರೂ ಹೊರಗುಳಿಯುತ್ತಿದ್ದರು. 2024ರ ಪರಿಷ್ಕರಣೆಯಲ್ಲಿ ಇವನ್ನು ಕೈಬಿಟ್ಟು, ಕುಟುಂಬದಲ್ಲಿ ಒಬ್ಬರ ದುಡಿಮೆಯ ಮಿತಿಯನ್ನು ತಿಂಗಳಿಗೆ 10,000ದಿಂದ 15,000 ರೂಪಾಯಿಗೆ ಏರಿಸಲಾಯಿತು. ಆದರೆ ಎರಡೂವರೆ ಎಕರೆ ಅಥವಾ ಅದಕ್ಕಿಂತ ಹೆಚ್ಚು ನೀರಾವರಿ ಜಮೀನು, ಐದು ಎಕರೆ ಅಥವಾ ಹೆಚ್ಚು ಖುಷ್ಕಿ ಜಮೀನು, ಮೂರು ಅಥವಾ ನಾಲ್ಕು ಚಕ್ರದ ವಾಹನ, 50,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮಿತಿಯ ಕಿಸಾನ್ ಕ್ರೆಡಿಟ್ ಕಾರ್ಡ್ ಇದ್ದವರು ಈಗಲೂ ಅನರ್ಹರು. ಅಡಿಕೆ ತೋಟಕ್ಕೆಂದು ಸೊಸೈಟಿಯಲ್ಲಿಯೋ ಬ್ಯಾಂಕಿನಲ್ಲಿಯೋ ಕ್ರೆಡಿಟ್ ಕಾರ್ಡ್ ಸಾಲ ಪಡೆದಿರುವ ಸಣ್ಣ ಹಿಡುವಳಿದಾರರು ಈ ಕೊನೆಯ ಅಂಶವನ್ನು ಗಮನಿಸಬೇಕು. ಹಲವರಿಗೆ ತಾವು ಹೊರಗುಳಿದದ್ದು ಇದರಿಂದ ಎಂಬುದೇ ತಿಳಿದಿರುವುದಿಲ್ಲ.

ಇನ್ನು ಜಾಗದ ವಿಚಾರಕ್ಕೆ ಬರುತ್ತೇವೆ. ಮನೆ ಮಂಜೂರಾಗಿ ಹಣ ಬಿಡುಗಡೆಯಾಗಬೇಕಾದರೆ ಕಟ್ಟುವ ಜಾಗ ಫಲಾನುಭವಿಯದ್ದು ಎನ್ನಲು ದಾಖಲೆ ಬೇಕು. ಹಳ್ಳಿಗಳಲ್ಲಿ ಅದು ಹಕ್ಕುಪತ್ರ, ಇಲ್ಲವೇ ಪಂಚಾಯಿತಿಯ ಇ-ಸ್ವತ್ತು ತಂತ್ರಾಂಶದಿಂದ ಸಿಗುವ ನಮೂನೆ 9 ಮತ್ತು 11. ತಂದೆಯ ಹೆಸರಿನಲ್ಲಿ ಖಾತೆ ಇದ್ದು ಮಕ್ಕಳು ಬೇರೆ ಮನೆ ಮಾಡಿಕೊಂಡಿರುವ ಕುಟುಂಬಗಳು ಮೊದಲು ಪೌತಿ ಖಾತೆ (ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು), ವಿಭಾಗ ಮೊದಲಾದವನ್ನು ಮುಗಿಸಿಕೊಂಡು ಆಮೇಲೆ ಮನೆಯ ವಿಚಾರ ಎತ್ತುವುದು ಒಳ್ಳೆಯದು, ಏಕೆಂದರೆ ಮನೆ ಮಂಜೂರಾದ ನಂತರ ಅಣ್ಣತಮ್ಮಂದಿರ ತಕರಾರು ಎದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ರಾಜ್ಯದ ಯೋಜನೆಗಳಲ್ಲಿ ಮನೆ ಸಾಮಾನ್ಯವಾಗಿ ಮನೆಯೊಡತಿಯ ಹೆಸರಿಗೇ ಮಂಜೂರಾಗುತ್ತದೆ, ಆದ್ದರಿಂದ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲಿಯೂ ಅವರ ಹೆಸರಿನ ಕಾಗುಣಿತ ಒಂದೇ ಇರಬೇಕು. ಇದು ಚಿಕ್ಕ ವಿಷಯವೆಂದು ಬಿಟ್ಟವರು ಹಣ ಜಮೆಯಾಗುವ ಹಂತದಲ್ಲಿ ತೊಂದರೆಪಡುತ್ತಾರೆ.

ಸರ್ಕಾರಿ ಜಾಗದಲ್ಲಿ ಹಿಂದಿನಿಂದಲೂ ಮನೆ ಕಟ್ಟಿಕೊಂಡಿರುವವರಿಗೆ ಕರ್ನಾಟಕ ಭೂಕಂದಾಯ ಕಾಯ್ದೆ 1964ರ 94ಸಿ ಕಲಂ ಇದೆ, ಪಟ್ಟಣದವರಿಗೆ 94ಸಿಸಿ. ನಿಗದಿತ ದಿನಾಂಕಕ್ಕೆ ಮೊದಲೇ ಕಟ್ಟಿದ ವಾಸದ ಮನೆಯ ಜಾಗವನ್ನು ತಹಶೀಲ್ದಾರರು ಸಕ್ರಮಗೊಳಿಸಿ ಹಕ್ಕುಪತ್ರ ಕೊಡುವ ದಾರಿ ಇದು. ಮನೆ ಎಂದಿನಿಂದ ಇದೆ ಎಂಬುದನ್ನು ತೋರಿಸಲು ಹಳೆಯ ವಿದ್ಯುತ್ ಬಿಲ್ಲು, ಮನೆ ಕಂದಾಯದ ರಸೀದಿ, ಪಡಿತರ ಚೀಟಿ ಇವುಗಳೇ ಆಧಾರ, ಆದ್ದರಿಂದ ಹಳೆಯ ರಸೀದಿಗಳನ್ನು ಎಸೆಯಬೇಡಿ.

ಆದರೆ 94ಸಿ ಅರಣ್ಯದ ಜಾಗಕ್ಕೆ ಅನ್ವಯಿಸುವುದಿಲ್ಲ, ಮಲೆನಾಡಿನ ನಿಜವಾದ ಕಷ್ಟ ಶುರುವಾಗುವುದು ಇಲ್ಲಿಂದಲೇ. ಪಹಣಿಯಲ್ಲಿ ಕಾನು, ಸೊಪ್ಪಿನಬೆಟ್ಟ, ಮೀಸಲು ಅರಣ್ಯ ಎಂದೆಲ್ಲ ನಮೂದಾಗಿರುವ ಸರ್ವೆ ನಂಬರುಗಳಲ್ಲಿ ತಲೆಮಾರುಗಳಿಂದ ಮನೆಗಳಿವೆ, ಅವಕ್ಕೆ ವಿದ್ಯುತ್ ಸಂಪರ್ಕವಿದೆ, ಪಂಚಾಯಿತಿ ಕಂದಾಯವನ್ನೂ ಕಟ್ಟಿಸಿಕೊಂಡಿದೆ, ಹಕ್ಕುಪತ್ರ ಮಾತ್ರ ಇಲ್ಲ. ಅಂಥ ಕಡೆ ಇರುವ ದಾರಿ ಅರಣ್ಯ ಹಕ್ಕು ಕಾಯ್ದೆ 2006. ಅದರಲ್ಲಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನ ವಾಸವನ್ನು ತೋರಿಸಿದರೆ ಸಾಕು, ಇತರ ಪಾರಂಪರಿಕ ಅರಣ್ಯವಾಸಿಗಳು ಆ ದಿನಾಂಕಕ್ಕೆ ಹಿಂದಿನ ಮೂರು ತಲೆಮಾರು, ಎಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಲಿಂಗನಮಕ್ಕಿ ಜಲಾಶಯಕ್ಕಾಗಿ 1960ರ ದಶಕದಲ್ಲಿ ಊರು ಬಿಟ್ಟು ಕಾಡಿನಂಚಿಗೆ ಬಂದು ನೆಲೆಸಿದ ಶರಾವತಿ ಮುಳುಗಡೆಯ ಕುಟುಂಬವೊಂದು, ಈಗಿರುವ ಜಾಗದಲ್ಲಿ 75 ವರ್ಷದ ಹಿಂದಿನ ದಾಖಲೆಯನ್ನು ಎಲ್ಲಿಂದ ತರಬೇಕು? ಸರ್ಕಾರವೇ ಕರೆತಂದು ಕೂರಿಸಿದ ಜನರ ಬಳಿ ಸರ್ಕಾರವೇ ಜಾಗದ ಕಾಗದ ಕೇಳುತ್ತಿರುವ ಸ್ಥಿತಿ ಇದು. ಅರಣ್ಯ ಸಂರಕ್ಷಣಾ ಕಾಯ್ದೆ 1980 ಬಂದ ನಂತರ ಅರಣ್ಯ ಭೂಮಿಯನ್ನು ಬಿಡುಗಡೆ ಮಾಡಲು ಕೇಂದ್ರದ ಒಪ್ಪಿಗೆ ಬೇಕಾಗಿರುವುದರಿಂದ ಇದು ತಾಲ್ಲೂಕು ಕಚೇರಿಯಲ್ಲಿ ಬಗೆಹರಿಯುವ ಪ್ರಶ್ನೆಯೂ ಅಲ್ಲ. ಈ ಸ್ಥಿತಿಯಲ್ಲಿರುವವರಿಗೆ ಸದ್ಯಕ್ಕೆ ಹೆಚ್ಚು ಪ್ರಾಯೋಗಿಕವಾದದ್ದು, ಕುಟುಂಬವನ್ನು ನಿವೇಶನರಹಿತರ ಪಟ್ಟಿಯಲ್ಲಿ ಸೇರಿಸುವಂತೆ ಗ್ರಾಮಸಭೆಯಲ್ಲಿ ಕೋರಿ, ಗ್ರಾಮೀಣ ನಿವೇಶನ ಯೋಜನೆಯಡಿ ಕಂದಾಯ ಭೂಮಿಯಲ್ಲಿ ನಿವೇಶನ ಕೇಳುವುದು. ಇರುವ ಮನೆ ಬಿಟ್ಟು ಹೋಗಲು ಮನಸ್ಸು ಬಾರದಿರುವುದು ಸಹಜ, ಆದರೂ ಅರ್ಜಿ ಕೊಟ್ಟಿರುವುದರಿಂದ ನಷ್ಟವಿಲ್ಲ.

ಗ್ರಾಮಸಭೆಯ ಬಗ್ಗೆ ಎರಡು ಮಾತು. ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು, ಅದಕ್ಕೆ ಮೊದಲು ವಾರ್ಡ್ ಸಭೆ. ಫಲಾನುಭವಿಗಳ ಹೆಸರು ಮೊದಲು ಚರ್ಚೆಗೆ ಬರುವುದು ವಾರ್ಡ್ ಸಭೆಯಲ್ಲಿ. ಅಲ್ಲಿ ಹಾಜರಿರದೆ, ಆಮೇಲೆ ಸದಸ್ಯರ ಮನೆಗೆ ಹೋಗಿ ‘ಅಣ್ಣಾ, ನಮ್ಮದೊಂದು ಹೆಸರು ಸೇರಿಸಿ’ ಎನ್ನುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ಆದರೆ ಸಭೆಯ ನಡಾವಳಿಯಲ್ಲಿ ಇಲ್ಲದ ಹೆಸರನ್ನು ಸದಸ್ಯರು ಸೇರಿಸಿದರೂ ಯಾರಾದರೂ ಆಕ್ಷೇಪಿಸಿದರೆ ಅದು ಉಳಿಯುವುದು ಕಷ್ಟ.

[ತೆರೆಯ ಮೇಲೆ: ಜಂಬಿಟ್ಟಿಗೆಯ ತಳಪಾಯ]

ಹಣ ಒಂದೇ ಸಲ ಬರುವುದಿಲ್ಲ. ಕೇಂದ್ರದ ಯೋಜನೆಯಲ್ಲಿ ಬಯಲು ಪ್ರದೇಶಕ್ಕೆ 1.20 ಲಕ್ಷ ರೂಪಾಯಿ, ಗುಡ್ಡಗಾಡು ರಾಜ್ಯಗಳಿಗೆ 1.30 ಲಕ್ಷ. ಆ ರಾಜ್ಯಗಳು ಎಂದರೆ ಹಿಮಾಲಯದ ಮತ್ತು ಈಶಾನ್ಯದ ರಾಜ್ಯಗಳು, ಕರ್ನಾಟಕ ಅವುಗಳಲ್ಲಿ ಸೇರಿಲ್ಲ. ಇದರ ಜೊತೆಗೆ ಶೌಚಾಲಯಕ್ಕೆ 12,000 ರೂಪಾಯಿಯನ್ನು ಸ್ವಚ್ಛ ಭಾರತ ಯೋಜನೆಯಿಂದ ಪಡೆಯಬಹುದು. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ರಾಜ್ಯದ ಯೋಜನೆಗಳಲ್ಲಿ ತಳಪಾಯ, ಗೋಡೆ, ಛಾವಣಿ, ಪೂರ್ಣ ಎಂಬ ನಾಲ್ಕು ಹಂತಗಳಲ್ಲಿ, ಪ್ರತಿ ಹಂತದಲ್ಲೂ ಪಂಚಾಯಿತಿಯವರು ಸ್ಥಳಕ್ಕೆ ಬಂದು ಜಿಪಿಎಸ್ ಸಹಿತ ಫೋಟೋ ತೆಗೆದ ನಂತರವೇ ಆಧಾರ್ ಜೋಡಣೆಯಾದ ಖಾತೆಗೆ ಕಂತು ಜಮೆಯಾಗುತ್ತದೆ. ಎಂದರೆ ಮೊದಲ ಹಂತವನ್ನು ಕೈಯಿಂದಲೇ ಹಣ ಹಾಕಿ ಮುಗಿಸಬೇಕು. ಕಾರ್ಯಾದೇಶ ಸಿಕ್ಕ ಮೇಲೆ ನಿಗದಿತ ಅವಧಿಯೊಳಗೆ ತಳಪಾಯ ಏಳದಿದ್ದರೆ ತಂತ್ರಾಂಶದಲ್ಲಿ ಆ ಮನೆ ‘ಬ್ಲಾಕ್’ ಆಗುವ ಅಪಾಯವಿದೆ. ಮೇ ತಿಂಗಳಲ್ಲಿ ಆದೇಶ ಸಿಕ್ಕಿದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಪಾಯ ತೋಡುವುದು ಕನಸಿನ ಮಾತು, ಜಂಬಿಟ್ಟಿಗೆ ತುಂಬಿದ ಲಾರಿಯೂ ಕೇರಿಯ ದಾರಿ ಹತ್ತುವುದಿಲ್ಲ. ಹಾಗಾದಾಗ ಸುಮ್ಮನಿರದೆ, ಮಳೆಯ ಕಾರಣದಿಂದ ಅವಧಿ ವಿಸ್ತರಿಸಬೇಕೆಂದು ಪಂಚಾಯಿತಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.

ಪಟ್ಟಣದವರ ವಿಚಾರವನ್ನು ಚಿಕ್ಕದಾಗಿ ಹೇಳುತ್ತೇನೆ. ಶಿವಮೊಗ್ಗದಲ್ಲಿ ಮಹಾನಗರ ಪಾಲಿಕೆ, ಸಾಗರ ಮತ್ತು ಭದ್ರಾವತಿಯಲ್ಲಿ ನಗರಸಭೆ, ತೀರ್ಥಹಳ್ಳಿಯಲ್ಲಿ ಪಟ್ಟಣ ಪಂಚಾಯಿತಿ, ಅರ್ಜಿ ಕೊಡಬೇಕಾದ ಕಚೇರಿಗಳು ಇವು. ಆಶ್ರಯ ಯೋಜನೆಯ ಆಯ್ಕೆ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಯ ಮೂಲಕ ನಡೆಯುತ್ತದೆ. ಶಿವಮೊಗ್ಗದ ಗೋವಿಂದಾಪುರದಲ್ಲಿ ಕಟ್ಟಿರುವಂಥ ಬಹುಮಹಡಿ ಮನೆಗಳಿಗೆ ಫಲಾನುಭವಿ ತನ್ನ ಪಾಲಿನ ವಂತಿಗೆಯನ್ನೂ ಕಟ್ಟಬೇಕು, ಅದು ಪೂರ್ತಿ ಉಚಿತವಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪ್ರಧಾನ ಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿ ವರ್ಷಕ್ಕೆ 3 ಲಕ್ಷದವರೆಗಿನ ಆದಾಯದವರು ಆರ್ಥಿಕವಾಗಿ ದುರ್ಬಲ ವರ್ಗ, 6 ಲಕ್ಷದವರೆಗೆ ಕಡಿಮೆ ಆದಾಯ ವರ್ಗ, 9 ಲಕ್ಷದವರೆಗೆ ಮಧ್ಯಮ ವರ್ಗ. ದೇಶದ ಯಾವ ಭಾಗದಲ್ಲಿಯೂ ಪಕ್ಕಾ ಮನೆ ಇರಬಾರದು, ಹಿಂದಿನ 20 ವರ್ಷಗಳಲ್ಲಿ ಯಾವುದೇ ಸರ್ಕಾರಿ ವಸತಿ ಯೋಜನೆಯ ಲಾಭ ಪಡೆದಿರಬಾರದು.

ಬಾಡಿಗೆಗೆ ಸರ್ಕಾರ ಸಹಾಯ ಮಾಡುತ್ತದೆಯೇ ಎಂದು ಕೇಳುವವರಿದ್ದಾರೆ. ಕೆಲವು ದೇಶಗಳಲ್ಲಿರುವಂತೆ ಬಾಡಿಗೆಯ ಒಂದು ಪಾಲನ್ನು ಸರ್ಕಾರವೇ ತಿಂಗಳು ತಿಂಗಳು ಕಟ್ಟುವ ಸಾಮಾನ್ಯ ವ್ಯವಸ್ಥೆ ನಮ್ಮಲ್ಲಿಲ್ಲ. ನಗರ 2.0 ಯೋಜನೆಯಲ್ಲಿ ಕೈಗೆಟಕುವ ಬಾಡಿಗೆ ವಸತಿ ಎಂಬ ವಿಭಾಗವೊಂದಿದೆ, ಆದರೆ ಅದು ಕಡಿಮೆ ಬಾಡಿಗೆಯ ಕಟ್ಟಡಗಳನ್ನು ನಿರ್ಮಿಸುವುದಕ್ಕೆ, ಬಾಡಿಗೆದಾರರ ಕೈಗೆ ಹಣ ಕೊಡುವುದಕ್ಕಲ್ಲ. ಹಣದ ರೂಪದಲ್ಲಿ ಹತ್ತಿರದ್ದು ಎಂದರೆ, ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿಗಾಗಿ ತಿಂಗಳಿಗೆ ಇಷ್ಟೆಂದು ಹತ್ತು ತಿಂಗಳು ಹಣ ಸಿಗುವ ವಿದ್ಯಾಸಿರಿ ಯೋಜನೆ. ಮಕ್ಕಳನ್ನು ಓದಲು ಶಿವಮೊಗ್ಗದಲ್ಲಿ ಬಾಡಿಗೆ ಕೋಣೆಯಲ್ಲಿಟ್ಟಿರುವ ಹಳ್ಳಿಯ ಪೋಷಕರು ಇದನ್ನು ವಿಚಾರಿಸಬೇಕು.

ಕೊನೆಯದಾಗಿ, ಪಟ್ಟಿಯಲ್ಲಿ ಮೇಲೆ ತರುತ್ತೇನೆಂದು ಹಣ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ, ಕಾಯುವ ಪಟ್ಟಿಯ ಕ್ರಮವನ್ನು ಮಧ್ಯವರ್ತಿ ಬದಲಿಸಲಾರ. ಅನುಮಾನವಿದ್ದರೆ 1902 ಸಹಾಯವಾಣಿಗೆ ದೂರು ದಾಖಲಿಸಿ. ಅದರಿಂದ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದೊಡನೆ ಪಂಚಾಯಿತಿಗೆ ಅರ್ಜಿ ಕೊಟ್ಟು, ಫಲಾನುಭವಿಗಳನ್ನು ಆಯ್ಕೆ ಮಾಡಿದ ಗ್ರಾಮಸಭೆಯ ನಡಾವಳಿ, ಹಾಜರಾತಿ ಪುಸ್ತಕ, ಕಾಯುವ ಪಟ್ಟಿ ಮೂರರ ದೃಢೀಕೃತ ಪ್ರತಿ ಕೇಳಿ. ಬಡತನ ರೇಖೆಗಿಂತ ಕೆಳಗಿರುವವರು ಆ ಶುಲ್ಕವನ್ನೂ ಕೊಡಬೇಕಾಗಿಲ್ಲ. ಉತ್ತರಕ್ಕೆ 30 ದಿನಗಳ ಗಡುವಿದೆ. ನಡಾವಳಿಯಲ್ಲಿ ನಿಮ್ಮ ಹೆಸರಿದ್ದು ಕಳುಹಿಸಿದ ಪಟ್ಟಿಯಲ್ಲಿ ಇಲ್ಲವೆಂದಾದರೆ, ಆ ಎರಡು ಪ್ರತಿಗಳನ್ನು ಜೋಡಿಸಿ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಹಣಾಧಿಕಾರಿಗೆ ಲಿಖಿತ ದೂರು ಸಲ್ಲಿಸಿ, ಅದರ ಒಂದು ಪ್ರತಿಯನ್ನು ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗೂ ಕಳುಹಿಸಿ.