ಬೇಲಿ ಬದಿಯ ಪನ್ನೀರು ಗುಲಾಬಿ

ನಮಸ್ಕಾರ. ಹೋದ ತಿಂಗಳು ಆಲ್ದೂರಿನ ಹತ್ತಿರ ಒಬ್ಬರ ಮನೆಗೆ ಹೋಗಿದ್ದೆ. ಹಳೆ ಹೆಂಚಿನ ಮನೆ ತೆಗೆದು ಹೊಸದು ಕಟ್ಟಿಸಿದ್ದಾರೆ. ಅಂಗಳಕ್ಕೆಲ್ಲ ಇಂಟರ್‌ಲಾಕ್ ಕಲ್ಲು ಹಾಕಿಸಿದ್ದಾರೆ. ಗೋಡೆ ಪಕ್ಕ ಸಾಲಾಗಿ ಹನ್ನೆರಡು ಕುಂಡ, ಅಷ್ಟರಲ್ಲೂ ಗುಲಾಬಿ. ಕಡುಗೆಂಪು, ಹಳದಿ, ಕಿತ್ತಳೆ. ನೋಡಲು ಚೆಂದ. ಬಗ್ಗಿ ಮೂಸಿದೆ. ಒಂದರಲ್ಲೂ ಪರಿಮಳ ಇಲ್ಲ. ಆ ಮನೆಯ ಅಜ್ಜಿ ಪಕ್ಕಕ್ಕೆ ಬಂದು ನಿಂತರು. "ಅಲ್ಲಿ ಬೇಲಿ ಹತ್ರ ಪನ್ನೀರು ಗುಲಾಬಿ ಇತ್ತು ಕಣಮ್ಮ. ಜೆಸಿಬಿ ಬಂದಾಗ ಹೋಯ್ತು" ಅಂದರು. ಆ ಮಾತು ನನ್ನ ತಲೆಯಿಂದ ಹೋಗಿಲ್ಲ.

ಹಾಗಾಗಿ ಇವತ್ತು ನೇರವಾಗಿ ಹೇಳುತ್ತೇನೆ. ಚಿಕ್ಕಮಗಳೂರು ಕಡೆಯ ಅಂಗಳದಲ್ಲಿ ಒಂದೇ ಒಂದು ಗುಲಾಬಿ ಗಿಡಕ್ಕೆ ಜಾಗ ಇದ್ದರೆ, ಆ ಜಾಗ ಪನ್ನೀರು ಗುಲಾಬಿಗೆ ಸೇರಬೇಕು. ಅದನ್ನು ನೆಲದಲ್ಲಿ ನೆಡಿ. ಬೇರೆ ಹೂಗಿಡಗಳ ಜೊತೆಗೆ ನೆಡಿ. ಕಡ್ಡಿಯನ್ನು ಯಾರದಾದರೂ ಮನೆಯಿಂದ ಕೇಳಿ ತನ್ನಿ.

ಪನ್ನೀರು ಗುಲಾಬಿ ಗೊತ್ತಲ್ವಾ? ತಿಳಿಗುಲಾಬಿ ಬಣ್ಣ. ದಳ ಒತ್ತೊತ್ತಾಗಿ, ಸ್ವಲ್ಪ ಕೆದರಿದ ಹಾಗೆ ಇರುತ್ತದೆ. ಗಿಡ ಎದೆಮಟ್ಟದ ಪೊದೆ, ಬಿಟ್ಟರೆ ಇನ್ನೂ ಎತ್ತರ. ಮೈಯೆಲ್ಲ ಮುಳ್ಳು. ಉದ್ದ ತೊಟ್ಟಿಲ್ಲ, ಹೂದಾನಿಯಲ್ಲಿ ನಿಲ್ಲುವುದಿಲ್ಲ, ಒಂದೆರಡು ದಿನಕ್ಕೆ ದಳ ಉದುರುತ್ತದೆ. ಅಂಗಡಿಯವರಿಗೆ ಇದರಿಂದ ಲಾಭ ಕಮ್ಮಿ. ಆದರೆ ಬೆಳಿಗ್ಗೆ ಇಬ್ಬನಿ ಆರುವ ಮುಂಚೆ ಆ ಪೊದೆ ಹತ್ತಿರ ಸುಮ್ನೆ ಐದು ನಿಮಿಷ ನಿಂತುಕೊಳ್ಳಿ. ಮೂಗು ಹತ್ತಿರ ತರುವುದೇ ಬೇಡ, ಗಾಳಿಯೇ ತಂದುಕೊಡುತ್ತದೆ. ನಮ್ಮಮ್ಮ ಇದರ ದಳಕ್ಕೆ ಸಕ್ಕರೆ ಬೆರೆಸಿ, ಗಾಜಿನ ಭರಣಿಗೆ ತುಂಬಿ, ಬಿಸಿಲಿಗಿಟ್ಟು ಗುಲ್ಕನ್ ಮಾಡುತ್ತಿದ್ದರು. ಪರಿಮಳ ಇಲ್ಲದ ಗುಲಾಬಿಯಲ್ಲಿ ಗುಲ್ಕನ್ ಮಾಡಿ ನೋಡಿ, ಬರೀ ಸಿಹಿ ಸೊಪ್ಪು ತಿಂದ ಹಾಗಿರುತ್ತದೆ.

ನರ್ಸರಿಯವರು ಇದನ್ನು ಎಡ್ವರ್ಡ್ ಗುಲಾಬಿ ಅಂತಲೂ ಕರೆಯುತ್ತಾರೆ. ಇದು ಬೂರ್ಬೋನ್ ಅನ್ನುವ ಗುಂಪಿಗೆ ಸೇರಿದ್ದು. ಹಿಂದೂ ಮಹಾಸಾಗರದಲ್ಲಿ ರೀಯೂನಿಯನ್ ಅಂತ ಒಂದು ದ್ವೀಪ ಇದೆ, ಅದರ ಹಳೆಯ ಹೆಸರು ಬೂರ್ಬೋನ್. ಅಲ್ಲಿನ ರೈತರು ಬೇಲಿಗೆ ಎರಡು ಜಾತಿ ಗುಲಾಬಿ ನೆಡುತ್ತಿದ್ದರು. ಒಂದು ಚೀನಾದ್ದು, ಮತ್ತೆ ಮತ್ತೆ ಹೂ ಬಿಡುವಂಥದ್ದು. ಇನ್ನೊಂದು ಡಮಾಸ್ಕ್, ಒಳ್ಳೆ ಪರಿಮಳದ್ದು. ಎರಡೂ ತಾವಾಗಿಯೇ ಬೆರೆತು ಹೊಸ ಗಿಡ ಹುಟ್ಟಿತು. 1817ರ ಹೊತ್ತಿಗೆ ಬ್ರೆಯಾನ್ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞರ ಕಣ್ಣಿಗೆ ಅದು ಬಿತ್ತು. ಬೇಲಿಯಲ್ಲಿ ಹುಟ್ಟಿದ ವಂಶ ಇದು. ನಮ್ಮಲ್ಲೂ ಬೇಲಿ ಬದಿಯಲ್ಲೇ ಬದುಕಿಕೊಂಡು ಬಂತು. ಇದನ್ನು ಓದಿದ ದಿನ ನನಗೆ ಎಷ್ಟು ಖುಷಿಯಾಯಿತು ಅಂದರೆ, ಹೋಗಿ ಗಿಡಕ್ಕೆ ಒಂದು ಬುಟ್ಟಿ ಗೊಬ್ಬರ ಹಾಕಿ ಬಂದೆ.

ಅಂಗಡಿಯ ಗುಲಾಬಿಗೆ ಪರಿಮಳ ಯಾಕಿಲ್ಲ? ತಳಿ ಮಾಡುವವರು ಉದ್ದ ತೊಟ್ಟು, ಗಟ್ಟಿ ದಳ, ಲಾರಿಯಲ್ಲಿ ಹೋದರೂ ಬಾಡದ ಗುಣ, ಇವುಗಳ ಹಿಂದೆ ಹೋದರು. ವಾಸನೆ ದಾರಿಯಲ್ಲಿ ಬಿಟ್ಟುಹೋಯಿತು. ಗುಲಾಬಿಯ ದಳದಲ್ಲಿ ಪರಿಮಳ ತಯಾರಾಗಲು ಬೇಕಾದ ಒಂದು ಕಿಣ್ವವನ್ನು ಫ್ರಾನ್ಸಿನ ವಿಜ್ಞಾನಿಗಳು 2015ರಲ್ಲಿ ಗುರುತಿಸಿದರು. ವಾಸನೆಯಿಲ್ಲದ ತಳಿಗಳಲ್ಲಿ ಅದು ಹೆಚ್ಚುಕಮ್ಮಿ ಮಲಗಿಬಿಟ್ಟಿರುತ್ತದೆ. ಇಂಗ್ಲೆಂಡಿನ ಗುಲಾಬಿ ತಳಿಗಾರ ಡೇವಿಡ್ ಆಸ್ಟಿನ್ ಹಳೆ ಗುಲಾಬಿಯ ಪರಿಮಳವನ್ನು ಹೊಸ ಗಿಡಗಳಿಗೆ ತರಲು ಜೀವನ ಪೂರ್ತಿ ದುಡಿದರು. 1961ರಲ್ಲಿ ಬಂದ ಕಾನ್‌ಸ್ಟನ್ಸ್ ಸ್ಪ್ರೈ, 1986ರ ಗರ್ಟ್ರೂಡ್ ಜೀಕಲ್, ಎರಡೂ ಪರಿಮಳದ ಗುಲಾಬಿ ಬಣ್ಣದ ಹೂಗಳು. ಅವರ ಮೇಲೆ ನನಗೆ ತುಂಬಾ ಗೌರವ. ಆದರೆ ಅವರು ಹುಡುಕಿಕೊಂಡು ಹೋದ ಆ ಹಳೆ ಪರಿಮಳ ನಮ್ಮ ಬೇಲಿಯಲ್ಲೇ ಇದೆ. ಅದನ್ನು ಅಗೆದು ಹಾಕಿ, ಆಮೇಲೆ ಸಾವಿರಾರು ರೂಪಾಯಿ ಕೊಟ್ಟು ಗಿಡ ತರಿಸುವುದು ನನಗೆ ಸಂಕಟ ತರುತ್ತದೆ.

ಈಗ ಮಳೆ ವಿಷಯ. ನಮ್ಮ ಕಡೆ ಗುಲಾಬಿ ಸೋಲುವುದೇ ಅಲ್ಲಿ. ಕಪ್ಪು ಚುಕ್ಕೆ ರೋಗದ ಶಿಲೀಂಧ್ರಕ್ಕೆ ಎಲೆ ಸುಮಾರು ಏಳು ಗಂಟೆ ಒದ್ದೆಯಾಗಿದ್ದರೆ ಸಾಕು. ಜುಲೈಯಲ್ಲಿ ನಮ್ಮ ಎಲೆಗಳು ವಾರಗಟ್ಟಲೆ ಆರುವುದೇ ಇಲ್ಲ. ನಾನು ಮೊದಲು ತಂದದ್ದು ಒಂದು ನರ್ಸರಿಯ ಕಸಿ ಗಿಡ, ಅಂದರೆ ಒಂದು ಗಿಡದ ಬೇರಿನ ಮೇಲೆ ಇನ್ನೊಂದು ಗುಲಾಬಿಯನ್ನು ಕೂಡಿಸಿದ್ದು. ಬೇರಿಗೆ ಕೆಂಪು ಮಣ್ಣಿನ ಗಟ್ಟಿ ಉಂಡೆ ಮೆತ್ತಿದ್ದರು. ಅದನ್ನು ಬಿಡಿಸದೆ ಹಾಗೇ ನೆಟ್ಟೆ. ಪುಷ್ಯ ಮಳೆಯಲ್ಲಿ ಎಲೆಯೆಲ್ಲ ಉದುರಿತು, ಮೊಗ್ಗು ಬಿರಿಯದೆ ಕಂದಾಗಿ ಕೊಳೆಯಿತು. ಮೇಲಿನ ಕಸಿ ಸತ್ತು, ಗಂಟಿನ ಕೆಳಗಿಂದ ಬೇರೆ ಚಿಗುರು ಬಂತು. ಗುಲಾಬಿ ಚಿಗುರಿತು ಅಂತ ಎರಡು ವರ್ಷ ಅದಕ್ಕೇ ನೀರು ಹಾಕಿದೆ. ಬಂದದ್ದು ಬೇರಿನ ಗಿಡದ ಸಣ್ಣ ಹೂ.

ಪನ್ನೀರು ಗುಲಾಬಿಗೂ ಕಪ್ಪು ಚುಕ್ಕೆ ಬರುತ್ತದೆ. ಬರುವುದಿಲ್ಲ ಅಂತ ನಾನು ಹೇಳುವುದಿಲ್ಲ. ಆಗಸ್ಟ್‌ನಲ್ಲಿ ನನ್ನ ಗಿಡ ಬರೀ ಮುಳ್ಳುಕಡ್ಡಿ. ಆದರೆ ಅದು ಸ್ವಂತ ಬೇರಿನ ಗಿಡ. ಮೇಲೆ ಎಷ್ಟೇ ಹಾಳಾದರೂ ಬುಡದಿಂದ ಬರುವುದು ಅದೇ ಹೂ. ಎಲೆ ಉದುರಿತು ಅಂತ ದಯವಿಟ್ಟು ಕೀಳಬೇಡಿ. ಬಿದ್ದ ಎಲೆಗಳನ್ನು ಮಾತ್ರ ಆರಿಸಿ ಸುಟ್ಟುಬಿಡಿ, ರೋಗ ಅದರಲ್ಲೇ ಉಳಿದಿರುತ್ತದೆ.

ಜಾಗ ಸರಿ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ದರೆಯ ಮೇಲೆ ಅಥವಾ ಅಂಗಳದ ಎತ್ತರದ ಅಂಚಿನಲ್ಲಿ ನೆಡಿ, ನೀರು ನಿಲ್ಲಬಾರದು. ದಿನಕ್ಕೆ ಆರು ಗಂಟೆ ಬಿಸಿಲು ಬೇಕು, ಸಿಲ್ವರ್ ಓಕ್ ನೆರಳಲ್ಲಿ ಕಾಫಿ ಬಂದ ಹಾಗೆ ಗುಲಾಬಿ ಬರುವುದಿಲ್ಲ. ನಮ್ಮ ಮಣ್ಣು ಹುಳಿ ಜಾಸ್ತಿ. ತೋಟಕ್ಕೆ ಸುಣ್ಣ ಹಾಕುವ ದಿನ ಒಂದು ಹಿಡಿ ಇದಕ್ಕೂ ಹಾಕಿ. ಹಳೆ ಕೊಟ್ಟಿಗೆ ಗೊಬ್ಬರ ಒಳ್ಳೆಯದು. ಕಾಫಿ ಸಿಪ್ಪೆ ಹಾಕುವುದಾದರೆ ಪೂರ್ತಿ ಕೊಳೆತು ಕಪ್ಪಾದದ್ದು ಹಾಕಿ, ಹಸಿಯದ್ದು ಬೇಡ.

ಕಡ್ಡಿ ನೆಡಲು ಆರಿದ್ರ ಮಳೆ, ಅಂದರೆ ಜೂನ್ ಕೊನೆ, ಸರಿಯಾದ ಹೊತ್ತು. ಪೆನ್ಸಿಲ್ ದಪ್ಪದ, ಬಲಿತ ಕಡ್ಡಿ. ಒಂದು ಗೇಣು ಉದ್ದ, ನಾಲ್ಕು ಗಿಣ್ಣು. ಕೆಳಗಿನ ಎರಡು ಗಿಣ್ಣು ಮಣ್ಣೊಳಗೆ ಹೋಗಬೇಕು. ಮೇಲಿನ ತುದಿ ಒಣಗದ ಹಾಗೆ ಒಂದು ಸಣ್ಣ ಸಗಣಿ ಉಂಡೆ ಮೆತ್ತುತ್ತಿದ್ದರು ನಮ್ಮಜ್ಜಿ. ನಾನು ಈಗಲೂ ಹಾಗೇ ಮಾಡುತ್ತೇನೆ. ಹತ್ತು ನೆಡಿ, ನಾಲ್ಕೈದಾದರೂ ಬದುಕುತ್ತವೆ. ಬೇರು ಬಂತಾ ಅಂತ ಅಲ್ಲಾಡಿಸಿ ನೋಡುವ ಆಸೆ ಬರುತ್ತದೆ, ನೋಡಬೇಡಿ.

ಸವರುವುದು ಚಿತ್ತೆ ಮಳೆ ಕಳೆಯುವ ಹೊತ್ತಿಗೆ, ಅಕ್ಟೋಬರ್ ನಾಲ್ಕನೇ ವಾರದಲ್ಲಿ. ಒಣಗಿದ್ದು, ತೆಳ್ಳಗಿನದು, ಒಳಮುಖವಾಗಿ ಬೆಳೆದದ್ದು ತೆಗೆಯಿರಿ. ಉಳಿದದ್ದನ್ನು ಅರ್ಧಕ್ಕೆ ಇಳಿಸಿ. ಕತ್ತರಿಸಿದ ತುದಿಗೆ ಬೋರ್ಡೋ ಪೇಸ್ಟ್ ಹಚ್ಚಿ. ಅದಕ್ಕೆ ಬೇಕಾದ ಮೈಲುತುತ್ತ, ಸುಣ್ಣ ತೋಟದವರ ಮನೆಯಲ್ಲಿ ಹೇಗೂ ಇರುತ್ತದೆ. ಅಲ್ಲಿಂದ ಸುಮಾರು 45 ದಿನಕ್ಕೆ ಹೂ. ಅಂದರೆ ಕಾಫಿ ಹಣ್ಣು ಕೊಯ್ಯುವ ದಿನಗಳಲ್ಲಿ, ಚಳಿಗಾಲದ ಬೆಳಿಗ್ಗೆ, ಗಿಡ ತುಂಬಾ ಹೂ.

ಇನ್ನು ಅಂಗಳ. ಇಂಗ್ಲೆಂಡಿನ ಕಾಟೇಜ್ ಗಾರ್ಡನ್ ಚಿತ್ರಗಳನ್ನು ಈಗ ಎಲ್ಲರೂ ಫೋನಿನಲ್ಲಿ ನೋಡುತ್ತಾರೆ. ಹಳ್ಳಿಯ ಬಡವರ ಮನೆ ಮುಂದೆ ತರಕಾರಿ, ಮದ್ದಿನ ಗಿಡ, ಹೂ ಎಲ್ಲ ಒಟ್ಟೊಟ್ಟಿಗೆ ಬೆಳೆಯುತ್ತಿದ್ದ ಕೈತೋಟ ಅದು. ನಮ್ಮ ಅಜ್ಜಿಯಂದಿರ ಅಂಗಳ ಬೇರೆ ಏನಾಗಿತ್ತು ಹೇಳಿ? ಮಳೆಗಾಲಕ್ಕೆ ಡೇರೆ ಹೂ (ಡೇಲಿಯಾ), ಕರ್ಣಕುಂಡಲ. ಚಳಿಗೆ ಸೇವಂತಿಗೆ. ಮಧ್ಯೆ ದೊಡ್ಡಪತ್ರೆ, ತುಳಸಿ, ಎರಡು ಸೂಜಿಮೆಣಸಿನ ಗಿಡ. ಗುಲಾಬಿ ಬೋಳಾಗಿ ನಿಂತಾಗ ಅದರ ಮುಂದೆ ಡೇರೆ ತಟ್ಟೆಯಗಲ ಅರಳಿರುತ್ತದೆ, ಬೋಳು ಕಾಣುವುದೇ ಇಲ್ಲ. ಡೇರೆ ಒಣಗಿ ಗೆಡ್ಡೆ ನೆಲದೊಳಗೆ ಮಲಗುವ ಹೊತ್ತಿಗೆ ಗುಲಾಬಿಗೆ ಚಿಗುರು. ಒಂದಕ್ಕೊಂದು ಮರೆಯಾಗಿ ನಿಲ್ಲುತ್ತವೆ. ಇದನ್ನು ಯಾರೂ ಹಾಳೆ ಮೇಲೆ ಪ್ಲಾನ್ ಬರೆದು ಮಾಡಲಿಲ್ಲ. ವರ್ಷವರ್ಷ ನೋಡಿ ನೋಡಿ ಮಾಡಿದ್ದು. ಒಂದು ಮಾತ್ರ ನೆನಪಿಡಿ, ಬುಡದ ಸುತ್ತ ಒಂದೂವರೆ ಅಡಿ ಖಾಲಿ ಬಿಡಿ, ಗಾಳಿ ಆಡಲಿ.

ಇಂಟರ್‌ಲಾಕ್ ಬೇಡ ಅಂತ ನಾನು ಹೇಳುವುದಿಲ್ಲ. ಕಾಫಿ ಒಣಗಿಸಲು ಕಣ ಬೇಕು, ಕಾರು ನಿಲ್ಲಿಸಲು ಜಾಗ ಬೇಕು. ಅಂಚಿನಲ್ಲಿ ಮೂರಡಿ ಮಣ್ಣು ಬಿಡಿ ಅಂತ ಕೇಳುತ್ತಿದ್ದೇನೆ, ಅಷ್ಟೇ.

ಆ ಅಜ್ಜಿಯ ಮನೆಗೆ ನಾಳೆ ಮತ್ತೆ ಹೋಗುತ್ತಿದ್ದೇನೆ. ಬೆಳಿಗ್ಗೆ ಹದಿನೈದು ಕಡ್ಡಿ ಕತ್ತರಿಸಿದೆ. ಒದ್ದೆ ಗೋಣಿಚೀಲದಲ್ಲಿ ಸುತ್ತಿ ಜಗಲಿಯ ಮೇಲೆ ಇಟ್ಟಿದ್ದೇನೆ. ಅವರ ಮಗನಿಗೆ ಫೋನ್ ಮಾಡಿದ್ದೆ. ಗೇಟಿನ ಪಕ್ಕ ನಾಲ್ಕು ಕಲ್ಲು ಎಬ್ಬಿಸಿಕೊಡುತ್ತೇನೆ ಅಂದಿದ್ದಾರೆ.